ಗೌಜಲಕ್ಕಿ ಯಾಕೆ ತಲೆ ಹೊಡ್ಕೊಳ್ಳುತ್ತೆ? (ನಮ್ಮ ಕಡೆ ಚರಿತ್ರೆ, ಭಾಗ 7)

ಸಾಕಿದ ಗೌಜಲಕ್ಕಿ ಬೆಚ್ಚಿದ್ರೆ ನೇರ ಮೇಲಕ್ಕೆ ಚಿಮ್ಮಿ ಪಂಜರಕ್ಕೆ ತಲೆ ಹೊಡ್ಕೊಳ್ಳುತ್ತೆ, ನೋಡಿದ್ದೀರಾ? ಅದು ಕಾಡಿನ ಬುದ್ಧಿ.

ಎಚ್.ಡಿ. ಕೋಟೆ ಕಡೆ ಪೊದೆಗಳಲ್ಲಿರೋ ಕಾಡು ಗೌಜಲು ಅಪಾಯ ಕಂಡ್ರೆ ಮೊದಲು ಅಲುಗಾಡದೆ ಕೂರುತ್ತೆ. ತೀರಾ ಹತ್ತಿರ ಹೋದ್ರೆ ಗುಂಪೆಲ್ಲಾ ಪುರ್ರಂತ ದಿಕ್ಕಿಗೊಂದು ಹಾರಿ, ಆಮೇಲೆ ಕೂಗಿ ಕೂಗಿ ಮತ್ತೆ ಒಟ್ಟಾಗುತ್ತೆ. ಹಕ್ಕಿ ಹಿಡಿಯೋದೇ ಕುಲಕಸುಬಾಗಿದ್ದ ಹಕ್ಕಿಪಿಕ್ಕಿ ಜನಕ್ಕೆ ಇಂಥ ನಡೆಯೆಲ್ಲಾ ಗೊತ್ತಿರಲೇಬೇಕಿತ್ತು. ನಮ್ಮ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಅವರೂರು; ಮನೆಮಾತು ವಾಗ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಆ ಕಸುಬು ಅಪರಾಧವಾಯ್ತು. ಹಕ್ಕಿ ಉಳೀಬೇಕಿತ್ತು, ನಿಜ. ಆದ್ರೆ ಅವರ ತಿಳುವಳಿಕೆನ ಯಾರು ಬರೆದಿಟ್ರು?

ಎರಡೇ ವರ್ಷಕ್ಕೆ, 1974ರಲ್ಲಿ, ಅಮೆರಿಕದಿಂದ ಭಾರತಕ್ಕೆ ಜಪಾನ್ ಗೌಜಲಕ್ಕಿ ಬಂತು. ಇವತ್ತು ಫಾರಂಗಳಲ್ಲಿ ಸಾಕೋದು ಅದನ್ನೇ. ಜಪಾನಿನಲ್ಲಿ ಹಿಂದೆ ಅದರ ಕೂಗು ಕೇಳೋಕೇ ಸಾಕ್ತಿದ್ರು. ಎಷ್ಟೋ ತಲೆಮಾರು ಪಂಜರದಲ್ಲೇ ಕಳೆದ್ರೂ ಅದು ಚಿಮ್ಮೋದು ಮರ್ತಿಲ್ಲ.

ಸಾಕೋರು ಗಮನಿಸಿ: ಮೈ ಅವಚಿಕೊಂಡು ಕಲ್ಲಿನಂಗೆ ಕೂತ್ರೆ ಭಯಪಟ್ಟಿದೆ ಅಂತ. ಪಕ್ಕಕ್ಕೆ ಬಿದ್ದು ಮಣ್ಣಲ್ಲಿ ಒದ್ದಾಡಿದ್ರೆ ಗಾಬರಿ ಬೇಡ, ಅದು ಮಣ್ಣಿನ ಸ್ನಾನ. ಪಂಜರದ ಮೇಲ್ಗಡೆ ಮೆತ್ತನೆ ಬಟ್ಟೆ ಕಟ್ಟಿ. ಕಾಡಿನ ಹಕ್ಕಿ ಮಾತ್ರ ತರಬೇಡಿ.

ನಿಮ್ಮಜ್ಜಿ ಈ ಹಕ್ಕಿನ ಏನಂತ ಕರೀತಿದ್ರು? ಕಾಮೆಂಟ್‌ನಲ್ಲಿ ಬರೀರಿ.

#ಹುಣಸೂರು #ಪಕ್ಷಿರಾಜಪುರ #ಗೌಜಲಕ್ಕಿ