ಸೋಮವಾರದ ಉಬ್ಬಸ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯವರು ಪರೇಲಿನ ಒಂದು ಚಾಳಿನಲ್ಲಿದ್ದರು. ಪಕ್ಕದ ಖೋಲಿಯ ಹಿರಿಯರೊಬ್ಬರು ಬಟ್ಟೆ ಗಿರಣಿಯಲ್ಲಿ ಹತ್ತಿ ಹಿಂಜುವ ಖಾತೆಯಲ್ಲಿ ದುಡಿಯುತ್ತಿದ್ದರು. ವಾರವೆಲ್ಲ ಸಲೀಸಾಗಿ ಮಹಡಿ ಹತ್ತುತ್ತಿದ್ದ ಅವರು ಸೋಮವಾರ ಸಂಜೆ ಮಾತ್ರ ಅರ್ಧ ಮೆಟ್ಟಿಲಲ್ಲೇ ಕುಳಿತುಬಿಡುತ್ತಿದ್ದರು. ರಜೆಯ ದಿನದ ಊಟ ಹೆಚ್ಚಾಯಿತೆಂದು ಹೇಳಿ ತಾವೇ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಅದು ನಗುವ ಮಾತಲ್ಲವೆಂದು ನನಗೆ ತಿಳಿಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ನಾವು ಬಿಡುವಾಗಿರುವಾಗ ನಿಮಿಷಕ್ಕೆ ಸುಮಾರು 12ರಿಂದ 16 ಸಲ, ಪ್ರತಿ ಸಲ ಸುಮಾರು ಅರ್ಧ ಲೀಟರಿನಂತೆ ಗಾಳಿ ಸೇದುತ್ತೇವೆ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ಕೆಳಗಿರುವ ವಪೆ ತಗ್ಗಿ, ಪಕ್ಕೆಲುಬು ಮೇಲೆದ್ದಾಗ ಎದೆಗೂಡು ವಿಶಾಲವಾಗಿ ಗಾಳಿ ಒಳನುಗ್ಗುತ್ತದೆ. ಶ್ವಾಸನಾಳ ಮರದ ಕೊಂಬೆಯಂತೆ ಕವಲೊಡೆಯುತ್ತ ಹೋಗಿ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳಲ್ಲಿ ಕೊನೆಗೊಳ್ಳುತ್ತದೆ. ರಕ್ತವು ಆಮ್ಲಜನಕವನ್ನು ಪಡೆದು ಇಂಗಾಲದ ಡೈ ಆಕ್ಸೈಡನ್ನು ಬಿಟ್ಟುಕೊಡುವುದು ಇಲ್ಲಿಯೇ. ಈ ಚೀಲಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಜಾಗ ಬೇಕು. ನಮ್ಮ ಚಾಳಿನ ಹತ್ತು-ಹನ್ನೆರಡು ಅಡಿಯ ಖೋಲಿಯ ಲೆಕ್ಕದಲ್ಲಿ ಆರು ಖೋಲಿ! ಒಂದೇ ಖೋಲಿಯಲ್ಲಿ ಸಂಸಾರ ಹೂಡಿದವನ ಎದೆಯೊಳಗೂ ಆರು ಖೋಲಿಗಳ ಆಸ್ತಿಯಿತ್ತು.

ಈ ಆಸ್ತಿಗೆ ಕಾವಲೂ ಉಂಟು. ಮೂಗಿನ ಕೂದಲು, ನಾಳದ ಲೋಳೆ, ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ಲೋಮಗಳು ಧೂಳನ್ನು ಹೊರಹಾಕುತ್ತವೆ. ಆದರೆ ದಿನಕ್ಕೆ ಎಂಟು-ಹತ್ತು ಗಂಟೆ ಧೂಳಿನಲ್ಲೇ ನಿಂತರೆ ಕಾವಲುಗಾರ ಸೋಲುತ್ತಾನೆ.

ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪನಿಯನ್ನು ಕಾವಸ್ಜಿ ದಾವರ್ 1854ರಲ್ಲಿ ಸ್ಥಾಪಿಸಿದರು. ಮುಂದೆ ಪರೇಲ್, ಲಾಲ್‌ಬಾಗ್, ವರಳಿಗಳೆಲ್ಲ ಸೇರಿ ಗಿರಣಗಾಂವ್ ಆಯಿತು. ನೂಲು ಹರಿಯಬಾರದೆಂದು ಒಳಗಿನ ಗಾಳಿಯನ್ನು ತೇವವಾಗಿಡುತ್ತಿದ್ದರು, ಕಿಟಕಿ ತೆರೆಯುವಂತಿರಲಿಲ್ಲ. ಹಿಂಜುವ ಖಾತೆಯಲ್ಲಂತೂ ಹತ್ತಿಯ ಪುಡಿ ಮಂಜಿನಂತೆ ಕವಿದಿರುತ್ತಿತ್ತು.

ಆ ಧೂಳಿನಿಂದ ಬರುವ ರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ಹೆಸರಿಟ್ಟವನು ಫ್ರಾನ್ಸಿನ ವೈದ್ಯ ಆದ್ರಿಯಾಂ ಪ್ರೂಸ್ತ್, 1877ರಲ್ಲಿ. ಹತ್ತಿಯ ಕಸದಲ್ಲಿರುವ ಬ್ಯಾಕ್ಟೀರಿಯಾಗಳ ವಿಷವೇ ಇದಕ್ಕೆ ಮುಖ್ಯ ಕಾರಣವೆಂದು ಇಂದಿನ ತಿಳಿವಳಿಕೆ. ಅದು ತಗುಲಿದಾಗ ಶ್ವಾಸನಳಿಗೆಗಳು ಬಿಗಿಯುತ್ತವೆ. ನಳಿಗೆಯ ಒಳಗಲ ಅರ್ಧಕ್ಕಿಳಿದರೆ ಗಾಳಿಗೆ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಏರುತ್ತದೆಂದು ಭೌತಶಾಸ್ತ್ರ ಹೇಳುತ್ತದೆ. ವಾರ ಕಳೆದಂತೆ ದೇಹ ತುಸು ಒಗ್ಗಿಕೊಳ್ಳುತ್ತದೆ. ಒಂದು ದಿನ ರಜೆ ಸಿಕ್ಕರೆ ಆ ಒಗ್ಗಿಕೆ ಕಳಚಿ, ಮರಳಿ ಕೆಲಸಕ್ಕೆ ಹೋದ ದಿನವೇ ಎದೆ ಬಿಗಿಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಉಬ್ಬಸ ವಾರದ ಎಲ್ಲ ದಿನಗಳಿಗೂ ಹಬ್ಬಿ ಶಾಶ್ವತವಾಗಿ ಉಳಿಯುತ್ತದೆ.

ಇಲ್ಲೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ ಮುಂಬಯಿಯ ಗಿರಣಿಗಳಿಗೆ ಭಾನುವಾರದ ರಜೆ ದೊರೆತದ್ದು 1890ರಲ್ಲಿ. ಭಾನುವಾರವೇ ಇಲ್ಲದವನಿಗೆ ಸೋಮವಾರದ ಉಬ್ಬಸ ಗೊತ್ತಾಗುವುದಾದರೂ ಹೇಗೆ? ಗೆದ್ದು ತಂದ ರಜೆ ವಿಶ್ರಾಂತಿಯನ್ನಷ್ಟೇ ಅಲ್ಲ, ರೋಗದ ಗುರುತನ್ನೂ ಕೊಟ್ಟಿತು. ಆದರೆ ಆ ಗುರುತನ್ನು ಓದುವವರು ಬೇಕಲ್ಲ! ಇಂಗ್ಲೆಂಡಿನಲ್ಲಿ 1940ರ ದಶಕದಲ್ಲೇ ಈ ರೋಗಕ್ಕೆ ಪರಿಹಾರಧನವಿತ್ತು. ನಮ್ಮಲ್ಲಿ ಎಷ್ಟೋ ಮಂದಿಯ ಕೆಮ್ಮು ಬೀಡಿಯ ಲೆಕ್ಕಕ್ಕೋ ವಯಸ್ಸಿನ ಲೆಕ್ಕಕ್ಕೋ ಹೋಯಿತು. ಡಾ. ಎಸ್. ಆರ್. ಕಾಮತ್ ಮತ್ತು ಸಂಗಡಿಗರು ಹತ್ತಿ ಗಿರಣಿ ಕಾರ್ಮಿಕರನ್ನು ಐದು ವರ್ಷ ಪರೀಕ್ಷಿಸಿ, ಬಿಸಿನೋಸಿಸ್ಸನ್ನು ಇತರ ದಮ್ಮಿನಿಂದ ಬೇರ್ಪಡಿಸುವ ಬಗೆಯನ್ನು 1981ರಲ್ಲಿ ಪ್ರಕಟಿಸಿದರು. ಮರುವರ್ಷ ಜನವರಿ 18ರಂದು ಮಹಾ ಮುಷ್ಕರ ಆರಂಭವಾಯಿತು. ಆಮೇಲೆ ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲಿಲ್ಲ. ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲಿ ಬಿಸಿನೋಸಿಸ್ ಸೇರಿತ್ತು. ಗಿರಣಗಾಂವಿನಲ್ಲಿ ಗಿರಣಿಗಳೇ ಇಲ್ಲ.

ಧೂಳು ಮಾತ್ರ ಹೋಗಿಲ್ಲ. ಗಿರಣಿಗಳ ಜಾಗದಲ್ಲಿ ಗೋಪುರಗಳು ಏಳುತ್ತಿವೆ. ಅಲ್ಲಿ ಕಲ್ಲು, ಕಾಂಕ್ರೀಟು ಕೊರೆಯುವವರಲ್ಲಿ ಕಲಬುರಗಿ, ವಿಜಯಪುರ ಕಡೆಯ ನಮ್ಮವರೂ ಇದ್ದಾರೆ. ಅವರ ಮೂಗಿಗೆ ಹೋಗುವುದು ಸಿಲಿಕಾ ಧೂಳು. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಎದೆಯನ್ನು ಕೆಡಿಸಿದ್ದೂ ಅದೇ.

ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲೇ ಒಂದು ಮಾತು ಹೇಳಿದ್ದ: ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಜೊತೆಗೆ ಅವನ ಕಸುಬು ಯಾವುದೆಂದೂ ಕೇಳಬೇಕು ಎಂದು. ವೈದ್ಯರು ಕೇಳದಿದ್ದರೆ ನಾವೇ ಹೇಳೋಣ. ಯಾವ ದಿನ ಉಸಿರು ಕಟ್ಟುತ್ತದೆ ಎಂಬುದನ್ನೂ ಮರೆಯದೆ ಹೇಳೋಣ. ನಮ್ಮ ಚಾಳಿನ ಆ ಹಿರಿಯರನ್ನು ಯಾರೂ ಅದನ್ನು ಕೇಳಲಿಲ್ಲ.