ದೂರದರ್ಶಕದ ಕನ್ನಡಿ ಉಜ್ಜಲು ಬಾಗಿದ ಅಚ್ಚು ಬೇಕೇ?

ದೂರದರ್ಶಕದ ಕನ್ನಡಿ ಕಾರ್ಖಾನೆಯಲ್ಲೇ ಆಗಬೇಕು, ಅದಕ್ಕೆ ಲೆಕ್ಕ ಹಾಕಿ ಬಾಗಿಸಿದ ಲೋಹದ ಅಚ್ಚು ಬೇಕು ಎಂಬ ನಂಬಿಕೆ ಹಲವರಲ್ಲಿದೆ. ಇದು ನಿಜವಲ್ಲ. ಶಿರಸಿ ತಾಲ್ಲೂಕಿನ ದಾಸನಕೊಪ್ಪದಂತಹ ಊರಿನಲ್ಲೂ ಮನೆ ಕಟ್ಟಿ ಉಳಿದ ಟೈಲ್ಸ್ ಚೂರು, ಪ್ಲಾಸ್ಟರ್ ಮತ್ತು ಎಪಾಕ್ಸಿ ಅಂಟಿನಿಂದ ಉಜ್ಜುವ ಬಿಲ್ಲೆ ಮಾಡಿಕೊಳ್ಳಬಹುದು.

ಅಚ್ಚಿಲ್ಲದೆ ತಗ್ಗು ಮೂಡುವುದು ಹೇಗೆ?

ಕತ್ತಿ ಮಸೆಯುವ ಕಲ್ಲು ದಿನ ಕಳೆದಂತೆ ನಡುವೆ ತಗ್ಗಾಗುವುದನ್ನು ನಾವೆಲ್ಲ ನೋಡಿದ್ದೇವೆ. ಒತ್ತಡ ಹೆಚ್ಚು ಬಿದ್ದಲ್ಲಿ ಸವೆತವೂ ಹೆಚ್ಚು. ಇಲ್ಲಿ ಬಿಲ್ಲೆ ಕೆಳಗೆ, ಗಾಜು ಮೇಲೆ, ನಡುವೆ ನೀರು ಮತ್ತು ಸಿಲಿಕಾನ್ ಕಾರ್ಬೈಡ್ ಪುಡಿ. ಗಾಜನ್ನು ಹಿಂದೆ ಮುಂದೆ ಸರಿಸಿದಾಗ ಅದರ ನಡುಭಾಗ ಬಿಲ್ಲೆಯ ಅಂಚಿನ ಮೇಲೆ ಒತ್ತುತ್ತದೆ. ಗಾಜಿನ ನಡು ತಗ್ಗಾಗುತ್ತದೆ, ಬಿಲ್ಲೆಯ ಅಂಚು ಸವೆದು ಅದು ಉಬ್ಬುತ್ತದೆ. ಗಾಜನ್ನು ಆಗಾಗ ತಿರುಗಿಸಿ, ನಾವೂ ಸುತ್ತ ಜಾಗ ಬದಲಿಸುತ್ತಿದ್ದರೆ ಸವೆತ ಎಲ್ಲ ದಿಕ್ಕಿಗೂ ಸಮವಾಗುತ್ತದೆ. ಹೇಗೆ ಸರಿಸಿದರೂ ಪೂರ್ತಿ ತಾಗಿಕೊಂಡಿರುವ ಬಾಗಿದ ಮೈಗಳು ಗೋಳದ ತುಣುಕುಗಳು ಮಾತ್ರ. ಹಾಗಾಗಿ ಆಕಾರ ತಾನಾಗಿ ಬರುತ್ತದೆ. 150 ಮಿ.ಮೀ. ಅಗಲ, 1200 ಮಿ.ಮೀ. ಸಂಗಮದೂರದ ಕನ್ನಡಿಗೆ ಬೇಕಾದ ತಗ್ಗು ಸುಮಾರು 1.2 ಮಿ.ಮೀ. ಮಾತ್ರ.

ಬಿಲ್ಲೆ ಮಾಡುವ ವಿಧಾನ

1. ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ಸುತ್ತ ದಪ್ಪ ಕಾಗದದ ಕಟ್ಟೆ ಕಟ್ಟಿ.
2. ದಂತವೈದ್ಯರು ಬಳಸುವ ಗಟ್ಟಿ ಪ್ಲಾಸ್ಟರನ್ನು ಕಲಸಿ ಸುಮಾರು 25 ಮಿ.ಮೀ. ದಪ್ಪಕ್ಕೆ ಸುರಿಯಿರಿ.
3. ಗಟ್ಟಿಯಾದ ಮೇಲೆ ಕೆಲವು ದಿನ ಒಣಗಿಸಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು ದಿನ ಬೇಕು.
4. ಎಲ್ಲ ಬದಿಗೂ ಎಪಾಕ್ಸಿ ಬಳಿಯಿರಿ.
5. ಎರಡು ಸೆಂ.ಮೀ. ಅಗಲದ ಪೋರ್ಸಲಿನ್ ಟೈಲ್ಸ್ ಚೂರುಗಳನ್ನು ಸಣ್ಣ ಸಂದು ಬಿಟ್ಟು ಎಪಾಕ್ಸಿಯಿಂದ ಅಂಟಿಸಿ. ನೀರು ಮತ್ತು ಪುಡಿ ಓಡಾಡಲು ಈ ಸಂದು ಬೇಕು. ಬಿಲ್ಲೆಯ ನಟ್ಟನಡುವೆ ಯಾವ ಚೂರಿನ ಮಧ್ಯಬಿಂದುವೂ ಬರದಿರಲಿ. ಬಂದರೆ ಗಾಜಿನ ಮೇಲೆ ಉಂಗುರಾಕಾರದ ಏರುತಗ್ಗು ಉಳಿಯಬಹುದು.

ಕೆಲಸ ಕೆಡುವುದು ಎಲ್ಲಿ?

80ನೇ ನಂಬರಿನ ಒರಟು ಪುಡಿಯಿಂದ ಶುರುಮಾಡಿ ನಯವಾದ ಪುಡಿಗಳತ್ತ ಹೋಗಬೇಕು. ಎಪಾಕ್ಸಿ ತಾಗದ ಪ್ಲಾಸ್ಟರಿನಲ್ಲಿ ಒರಟು ಕಾಳೊಂದು ಅಡಗಿ ಕುಳಿತರೂ ಸಾಕು, ಮುಂದಿನ ಹಂತದಲ್ಲಿ ಅದು ಗಾಜಿಗೆ ಗೀರು ಹಾಕುತ್ತದೆ. ಆಗ ಹಿಂದಿನ ಹಂತಕ್ಕೆ ಮರಳಬೇಕು. ಪುಡಿ ಬದಲಿಸುವಾಗ ಬಿಲ್ಲೆ, ಗಾಜು, ಮೇಜು, ಕೈ ಎಲ್ಲವನ್ನೂ ತೊಳೆಯಿರಿ, ಬಟ್ಟೆಯನ್ನೂ ಬದಲಿಸಿ.

ಕೊನೆಯ ಹೊಳಪು ಟೈಲ್ಸ್‌ನಿಂದ ಬರುವುದಿಲ್ಲ. ಅದಕ್ಕೆ ಪಿಚ್ ಎಂಬ ರಾಳದಂತಹ ವಸ್ತು ಹಚ್ಚಿದ ಬಿಲ್ಲೆ ಮತ್ತು ಸೀರಿಯಂ ಆಕ್ಸೈಡ್ ಬೇಕು. ಅಲ್ಯೂಮಿನಿಯಂ ಲೇಪನಕ್ಕೆ ನಿರ್ವಾತ ಯಂತ್ರ ಇರುವಲ್ಲಿಗೇ ಕಳಿಸಬೇಕು.

ಎಚ್ಚರಿಕೆ

ಉಜ್ಜುವ ಪುಡಿಯನ್ನು ಒಣಗಿದ ಸ್ಥಿತಿಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಹಾನಿಕರ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಅದರಲ್ಲಿ ಮಕ್ಕಳು ಕೈ ಅದ್ದದಂತೆ ನೋಡಿಕೊಳ್ಳಿ. ಹೊಳಪು ಬಂದ ಕನ್ನಡಿಯನ್ನು ಬಿಸಿಲಿಗೆ ಇಡಬೇಡಿ, ಬೆಂಕಿ ಹೊತ್ತಬಹುದು.

ಒಟ್ಟಿನಲ್ಲಿ

1986ರಲ್ಲಿ ಉದ್ಘಾಟನೆಯಾದ ಕಾವಲೂರಿನ ವೈನು ಬಪ್ಪು ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಅಲ್ಲಿ ದೊಡ್ಡ ಯಂತ್ರಗಳಿದ್ದವು, ಆದರೆ ಉಜ್ಜಿ ಸವೆಸುವ ತತ್ವ ಇದೇ. ಮೋಡ ಮುಚ್ಚಿದ ಮಳೆಗಾಲದಲ್ಲಿ ಕನ್ನಡಿ ಉಜ್ಜಿಟ್ಟರೆ, ಚಳಿಗಾಲದ ತಿಳಿ ಆಕಾಶದಲ್ಲಿ ಚಂದ್ರನ ಕುಳಿಗಳನ್ನು ಊರಿನ ಮಕ್ಕಳಿಗೆ ತೋರಿಸಬಹುದು.