ಸಂದರ್ಶನದ ಕೋಣೆಯಲ್ಲಿ ಗಡಿನಾಡಿನವರು

ಚಿಕ್ಕೋಡಿ, ಅಥಣಿ, ಕಾಗವಾಡಗಳ ನಮ್ಮ ಮಕ್ಕಳು ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡಿ ಬೆಳೆದವರು. ನೌಕರಿಯ ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸಿದರೆ ಅದನ್ನೇ ದಡ್ಡತನವೆಂದು ಎಣಿಸುವವರಿದ್ದಾರೆ. ಯೋಗ್ಯತೆಯನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ.

ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ನಿಪ್ಪಾಣಿಗೆ ಹತ್ತಿರದ ಕಾಗಲ ಮನೆತನದಿಂದ ದತ್ತುಹೋದ ಶಾಹು ಮಹಾರಾಜರು 1894ರಲ್ಲಿ ಅಧಿಕಾರ ವಹಿಸಿಕೊಂಡಾಗ ಆಡಳಿತದ 71 ಹುದ್ದೆಗಳಲ್ಲಿ 60 ಬ್ರಾಹ್ಮಣರ ಕೈಯಲ್ಲಿದ್ದವು. ಹೊಸಬರ ಯೋಗ್ಯತೆ ನೋಡುವವರೂ ಅವರೇ. ಮಹಾರಾಜರು 1902ರ ಜುಲೈ 26ರಂದು, ತೆರವಾಗುವ ಹುದ್ದೆಗಳಲ್ಲಿ ಶೇ. 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಮುಂದುವರಿದ ಕೆಲವು ವರ್ಗಗಳನ್ನು ಬಿಟ್ಟು ಮುಸ್ಲಿಮರೂ ಸೇರಿ ಉಳಿದವರೆಲ್ಲ ಅದರಲ್ಲಿದ್ದರು.

ಸಂದರ್ಶನದ ಪ್ರಶ್ನೆ ಮುಂದೆ ನ್ಯಾಯಾಲಯಕ್ಕೂ ಹೋಯಿತು. ಮೈಸೂರು ರಾಜ್ಯದ ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶ ಕುರಿತ ಚಿತ್ರಲೇಖಾ ಪ್ರಕರಣದಲ್ಲಿ, 1964ರಲ್ಲಿ, ಸುಪ್ರೀಂ ಕೋರ್ಟ್ ಸಂದರ್ಶನದ ಅಂಕಗಳನ್ನು ಒಪ್ಪಿತು. 1980ರಲ್ಲಿ ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರಕರಣ ಬಂತು. ಎರಡು ಮೂರು ನಿಮಿಷದ ಸಂದರ್ಶನದಲ್ಲಿ ಕೇಳಿದ್ದು ತಂದೆ ಯಾರು, ಊರು ಯಾವುದು ಎಂದಷ್ಟೇ ಎಂಬುದು ವಿದ್ಯಾರ್ಥಿಗಳ ದೂರು. ಮೂರನೆಯ ಒಂದು ಪಾಲು ಅಂಕ ಅದಕ್ಕೇ ಇತ್ತು. ಇಂಥ ಪ್ರವೇಶದಲ್ಲಿ ಶೇ. 15 ಮೀರಬಾರದೆಂದು ನ್ಯಾಯಾಲಯ ಹೇಳಿತು. ಕೇಂದ್ರ ಸರಕಾರ 2016ರ ಜನವರಿಯಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು.

ಎದುರು ಕುಳಿತು ಮಾತಾಡಿದರೆ ಮನುಷ್ಯನ ವಿವೇಕ, ಧೈರ್ಯ ತಿಳಿಯಬಹುದು, ನಿಜ. ಆದರೆ ಊರು, ಹೆಸರು, ಉಚ್ಚಾರಗಳನ್ನೇ ಕೇಳಿ ತೀರ್ಮಾನಿಸಿದರೆ ಅಲ್ಲಿ ಬಯಲಾಗುವುದು ಕೇಳುವವರ ಮನಸ್ಸು. ಮಾಡಬೇಕಾದ ಕೆಲಸದ ಬಗ್ಗೆ, ಅಭ್ಯರ್ಥಿಗೆ ತಿಳಿಯುವ ಭಾಷೆಯಲ್ಲಿ ಕೇಳಲಿ. ನಮ್ಮ ಮಕ್ಕಳು ಉತ್ತರಿಸಬಲ್ಲರು.